ಗುಂಡಿಗೆ ಮರಿಯೋ, ಆಪರೇಷನ್ನೋ

ನನ್ನ ನಾಯಿಯ ಹೆಸರು ಗುಂಡಿ. ಮನೆಗೆ ಬಂದ ಮೊದಲನೇ ದಿನವೇ ಷರಟಿನ ಗುಂಡಿಗಳ ಡಬ್ಬ ಕೆಡವಿ, ಹನ್ನೊಂದು ಗುಂಡಿ ನುಂಗಿ, ಮೂರು ದಿನ ನನ್ನನ್ನು ಹಿತ್ತಲಲ್ಲಿ ಕಡ್ಡಿ ಹಿಡಿದು ಕಾಯಿಸಿದ ಮಹಾನುಭಾವ. ಹನ್ನೊಂದರಲ್ಲಿ ಹತ್ತು ವಾಪಸ್ ಬಂದವು. ಹನ್ನೊಂದನೆಯದು ಇನ್ನೂ ಅವನ ಹೊಟ್ಟೆಯಲ್ಲೇ ಇದೆ ಅಂತ ನನ್ನ ನಂಬಿಕೆ. ನಾನು ಟೈಲರ್ ವಿಶಾಲಾಕ್ಷಿ. ವಯಸ್ಸು ಅರವತ್ತೊಂದು, ಗಂಡ ಮಕ್ಕಳ ತಾಪತ್ರಯ ಇಲ್ಲ, ಬಾಯಿ ಸ್ವಲ್ಪ ಜೋರು. ಈ ಊರಿನ ಅರ್ಧ ಹೆಂಗಸರ ರವಿಕೆ ನನ್ನ ಕತ್ತರಿ ಕೆಳಗೆ ಹಾದುಹೋಗಿದೆ. ಹಾಗಾಗಿ ಯಾರು ದಪ್ಪಗಾದರು, ಯಾರು ಸೊರಗಿದರು ಅನ್ನುವುದು ಅವರ ಗಂಡಂದಿರಿಗಿಂತ ನನಗೆ ಮೊದಲು ಗೊತ್ತಾಗುತ್ತದೆ.

ನಮ್ಮೂರಿನಲ್ಲಿ ನಾಯಿಮರಿಗಳು ಬಣ್ಣವನ್ನು ಅಪ್ಪ ಅಮ್ಮನಿಂದ ತರುತ್ತವೆ, ಅಭ್ಯಾಸವನ್ನು ಮಾತ್ರ ಆ ಅಪ್ಪ ಅಮ್ಮನನ್ನು ಸಾಕಿದವರಿಂದ ತರುತ್ತವೆ. ಮೊದಲಿನಿಂದಲೂ ಹೀಗೇ. ಡ್ರಿಲ್ ಮಾಸ್ತರರ ನಾಯಿಯ ಮರಿಗಳು ಯಾವ ಮನೆಗೆ ಹೋದರೂ ಊಟಕ್ಕೆ ಸಾಲಾಗಿ ನಿಲ್ಲುತ್ತವೆ. ಹಿಂದೆ ಒಬ್ಬರು ಪೋಸ್ಟ್ ಮಾಸ್ತರರಿದ್ದರು, ಬಹಳ ಗಂಭೀರ ಮನುಷ್ಯ. ಅವರ ನಾಯಿಯ ಮರಿಗಳು ಎಲ್ಲಿ ಲಕೋಟೆ ಕಂಡರೂ ಕಚ್ಚಿಕೊಂಡು ಹೋಗಿ, ಬಿಸಿಲಿಗೆ ಎತ್ತಿ ಹಿಡಿದು, ಕಣ್ಣು ಕಿರಿದು ಮಾಡಿ ನೋಡತೊಡಗಿದವು. ಮಾಸ್ತರರು ಆ ತಿಂಗಳೇ ವರ್ಗ ಮಾಡಿಸಿಕೊಂಡು ಹೋದರು. ಈರುಳ್ಳಿ ಬೆಳ್ಳುಳ್ಳಿ ಮುಟ್ಟದ ಒಬ್ಬರ ಮನೆಯ ಮರಿಗಳು ಆರಕ್ಕೆ ಆರೂ ಆಮ್ಲೆಟ್ ಗಾಡಿಯ ಮುಂದೆ ಕೂತು, ಸೊಂಟ ಬಗ್ಗಿಸಿ, ಆ ಕಡೆ ಈ ಕಡೆ ನೋಡಿ ತಿಂದಾಗ, ಅವರು ಮನೆಯಿಂದ ಹೊರಗೆ ಬರಲು ಒಂದು ತಿಂಗಳು ಹಿಡಿಯಿತು. ಹೀಗಾಗಿ ನಾಯಿ ಕ್ರಾಸ್ ಮಾಡಿಸುವ ಮುಂಚೆ ನಮ್ಮವರು ಮನೆತನ ವಿಚಾರಿಸುತ್ತಾರೆ. ಹೆಣ್ಣು ಕೊಡುವಾಗಲೂ ಅಷ್ಟು ವಿಚಾರಿಸುವುದಿಲ್ಲ.

ಗುಂಡಿಗೆ ಮೂರು ವರ್ಷ ತುಂಬುತ್ತಿದ್ದಂತೆ ನನ್ನ ಬಾಗಿಲಿಗೆ ಜನ ಬರತೊಡಗಿದರು. ಟೈಲರ್ ಮನೆಯ ಮರಿ ಅಂದರೆ ಅಚ್ಚುಕಟ್ಟಾಗಿರುತ್ತದೆ, ಅಳತೆ ತಪ್ಪುವುದಿಲ್ಲ ಅಂತ ಅವರ ಲೆಕ್ಕಾಚಾರ. ನಾನು ಒಬ್ಬೊಬ್ಬರಿಗೆ ಒಂದೊಂದು ನೆಪ ಹೇಳಿದೆ. ಇವನಿಗೆ ಕೆಮ್ಮು ಅಂದೆ. ಇವನಿಗೆ ಇನ್ನೂ ಬುದ್ಧಿ ಬಂದಿಲ್ಲ ಅಂದೆ. ನಿಜವಾದ ಕಾರಣ ಬೇರೆ ಇತ್ತು, ಅದು ನನಗೆ ಮತ್ತು ಗುಂಡಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ.

ಹೇಳಿಬಿಡುತ್ತೇನೆ. ದಿನಾ ಬೆಳಿಗ್ಗೆ ಆರೂ ಮುಕ್ಕಾಲಿಗೆ ಗುಂಡಿಯನ್ನು ಕರೆದುಕೊಂಡು ನಾನು ಎಣ್ಣೆ ಗಿರಣಿಯ ಹಿಂದಿನ ಓಣಿಗೆ ಹೋಗುತ್ತಿದ್ದೆ. ಓಣಿಯ ಒಂದು ಕಡೆ ಗಿರಣಿಯ ಎತ್ತರದ ಗೋಡೆ, ಇನ್ನೊಂದು ಕಡೆ ಚಂದ್ರಮತಿಯ ಮನೆ. ಅವಳ ಮನೆಗೆ ನೀಲಿ ಬಣ್ಣದ ತಗಡಿನ ಗೇಟು. ನಾನು ಆ ಗೇಟಿನ ಮುಂದೆ ನಿಲ್ಲುತ್ತಿದ್ದೆ, ಚಿಲಕದ ಕಡೆಗೆ ಬಲಗೈ ಎತ್ತುತ್ತಿದ್ದೆ, ಹಾಗೇ ಇಳಿಸಿ ತಿರುಗಿ ಮನೆಗೆ ಬಂದುಬಿಡುತ್ತಿದ್ದೆ. ಒಂಬತ್ತು ವರ್ಷ. ಮಳೆ ಬಂದರೂ ಹೋಗುತ್ತಿದ್ದೆ, ಜ್ವರ ಬಂದರೂ ಹೋಗುತ್ತಿದ್ದೆ. ಮೊದಲ ಆರು ವರ್ಷ ಒಬ್ಬಳೇ, ಆಮೇಲೆ ಮೂರು ವರ್ಷ ಗುಂಡಿಯ ಜೊತೆ.

ಚಂದ್ರಮತಿ ಮತ್ತು ನಾನು ಇಪ್ಪತ್ತೆರಡು ವರ್ಷ ಒಂದೇ ಅಂಗಡಿಯಲ್ಲಿ ಕೂತವರು. ನಾನು ಕತ್ತರಿಸುವುದು, ಅವಳು ಹೊಲಿಯುವುದು. ಒಂದು ಸಲ ಮದುಮಗಳ ರವಿಕೆಗೆ ಅವಳ ಅಜ್ಜಿಯ ರೇಷ್ಮೆ ಸೀರೆಯ ತುಂಡು ಬಂತು. ಹಳೇ ಬಟ್ಟೆ, ಅಂಥದ್ದು ಇನ್ನೊಂದು ಗೇಣು ಎಲ್ಲೂ ಸಿಗುವುದಿಲ್ಲ. ನಾನು ಬಟ್ಟೆ ಮಡಿಸುವಾಗ ಒಳಮೈ ಹೊರಮೈ ನೋಡದೆ ಕತ್ತರಿ ಹಾಕಿದೆ. ಎರಡು ತೋಳೂ ಬಲಗೈಯದ್ದೇ ಆಯಿತು. ಎಡಗೈಗೆ ತೋಳೇ ಇಲ್ಲ. ಮದುಮಗಳ ತಾಯಿ ಅಂಗಡಿಯಲ್ಲಿ ನಿಂತು ಕಣ್ಣೀರು ಹಾಕುತ್ತಿದ್ದಾಗ, ನನ್ನ ಬಾಯಿಂದ ಬಂದ ಮಾತು ಇದು: "ನಾನು ಸರಿಯಾಗೇ ಕತ್ತರಿಸಿದ್ದೆ ಕಣಮ್ಮ, ಹೊಲಿಯೋವಾಗ ಇವಳು ತಿರುಗಾಮುರುಗಾ ಮಾಡವ್ಳೆ."

ಚಂದ್ರಮತಿ ಎದ್ದಳು. ಮಷಿನ್ನಿಗೆ ಮುಸುಕು ಹಾಕಿದಳು, ಬೆರಳಿಗೆ ಹಾಕುವ ಅಂಗುಸ್ತಾನ ತೆಗೆದು ಸೆರಗಿನ ತುದಿಗೆ ಗಂಟು ಕಟ್ಟಿಕೊಂಡಳು, ಹೋದಳು. ಆವತ್ತಿನಿಂದ ಅವಳು ಮನೆಯಲ್ಲೇ ಹೊಲಿಯುತ್ತಾಳೆ. ಊರು ಕೇಳಿದಾಗ ನಾನು, "ಅವಳಿಗೆ ಕಣ್ಣು ಮಂಜಾಗಿದೆ, ಹೇಳಿದ್ದಕ್ಕೆ ಸಿಟ್ಟು ಬಂತು" ಅಂತ ಹೇಳಿಕೊಂಡು ತಿರುಗಿದೆ. ಒಂದು ಸಲ ಹೇಳಿದ ಸುಳ್ಳನ್ನು ಸಾಕುವುದು ನಾಯಿ ಸಾಕುವುದಕ್ಕಿಂತ ಕಷ್ಟ. ದಿನಾ ಹೊಟ್ಟೆಗೆ ಹಾಕಬೇಕು.

ಗುಂಡಿ ಬಂದ ಆರು ತಿಂಗಳಿಗೆ ಚಂದ್ರಮತಿಯೂ ಒಂದು ಹೆಣ್ಣು ಮರಿ ತಂದಳು. ಅದಕ್ಕೆ ಕಾಜಾ ಅಂತ, ಗುಂಡಿ ತೂರಿಸುವ ತೂತಿನ ಹೆಸರನ್ನೇ ಇಟ್ಟಳು. ಊರೆಲ್ಲ ನಕ್ಕಿತು. ನನಗೆ ಮೈಯೆಲ್ಲ ಉರಿದುಹೋಯಿತು. ನನ್ನ ಗುಂಡಿಗೆ ಕಾಜಾ ತರೋದಕ್ಕೆ ಅವಳಿಗೆ ಹೇಳಿದವರು ಯಾರು?

ಈಗ ನೀವೇ ಹೇಳಿ, ನಾನು ಗುಂಡಿಗೆ ಮರಿ ಮಾಡಿಸುವುದು ಹೇಗೆ? ಮರಿಗಳು ಹುಟ್ಟುತ್ತವೆ, ನಾಲ್ಕು ಮನೆಗೆ ಹೋಗುತ್ತವೆ, ಬೆಳಿಗ್ಗೆ ಆರೂ ಮುಕ್ಕಾಲಿಗೆ ನೀಲಿ ಗೇಟಿನ ಮುಂದೆ ನಿಂತು ಕಾಲು ಎತ್ತಿ ತಿರುಗುತ್ತವೆ. ಕತ್ತರಿಯಲ್ಲಿ ಎಂದೂ ತಪ್ಪದ ವಿಶಾಲಾಕ್ಷಿಯ ಬಂಡವಾಳ ಊರಿಗೇ ಬಯಲಾಗುತ್ತದೆ.

ಅಷ್ಟರಲ್ಲಿ ಗುಂಡಿಯೂ ಸುಮ್ಮನಿರಲಿಲ್ಲ. ಗೋಡೆ ಹಾರುವುದು, ಎರಡು ದಿನ ನಾಪತ್ತೆಯಾಗುವುದು, ಕಿವಿ ಹರಿಸಿಕೊಂಡು ಬರುವುದು ಶುರುವಾಯಿತು. ಮೂರನೇ ಸಲ ಕಿವಿ ಹರಿದಾಗ ದನದ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಡಾಕ್ಟರ್ ಹನೀಫ್ ಸಾಹೇಬರು ಮಾತಿಗೆ ಸಕ್ಕರೆ ಹಾಕುವವರಲ್ಲ.

"ನೋಡಮ್ಮ, ಆಪರೇಷನ್ ಮಾಡಿಸಿಬಿಡು. ಓಡಿಹೋಗೋದು ಕಮ್ಮಿ ಆಗುತ್ತೆ, ಜಗಳ ಕಮ್ಮಿ ಆಗುತ್ತೆ. ವಯಸ್ಸಾದ ಮೇಲೆ ಆ ಕಡೆ ಬರೋ ಕಾಯಿಲೆಗಳೂ ಬರಲ್ಲ. ಸುಮ್ನೆ ಆಸೆಗೆ ಮರಿ ಮಾಡಿಸಿದ್ರೆ ಅಷ್ಟಕ್ಕೂ ಮನೆ ಹುಡುಕಬೇಕು, ಗೊತ್ತಾಯ್ತಾ?"

"ಅವನಿಗೆ ಬೇಜಾರಾಗಲ್ವಾ ಡಾಕ್ಟ್ರೇ?"

"ಅವನಿಗೇನು ಬೇಜಾರು? ಬೇಜಾರೆಲ್ಲ ಸಾಕಿದವರಿಗೆ. ಎರಡು ದಿನ ಮಲಗ್ತಾನೆ, ಮೂರನೇ ದಿನ ಅನ್ನ ಕೇಳ್ತಾನೆ."

ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಗುಂಡಿಯ ಆರೋಗ್ಯಕ್ಕೆ ಒಳ್ಳೆಯದು ಅಂತ ಹೇಳಿಕೊಂಡೆ, ಆದರೆ ಒಳಗೆ ಕುಣಿಯುತ್ತಿದ್ದದ್ದು ನನ್ನ ಗುಟ್ಟು. ಸೋಮವಾರಕ್ಕೆ ಅಂತ ಹೇಳಿ ಬಂದೆ.

ಸೋಮವಾರಕ್ಕೆ ಇನ್ನೂ ಐದು ದಿನ ಇತ್ತು. ಆ ಐದು ದಿನ ಸಾಕಾಯಿತು. ಎದುರುಮನೆಯ ಪದ್ದಕ್ಕ ಹಪ್ಪಳ ಒಣಹಾಕುವ ನೆಪದಲ್ಲಿ ಊರಿನ ಸುದ್ದಿಯೆಲ್ಲ ಒಣಹಾಕುವವಳು. ಅವತ್ತೇ ಸಂಜೆ ಬಂದು ನನ್ನ ಕಟಿಂಗ್ ಮೇಜಿಗೆ ಆತು ನಿಂತಳು.

"ಗುಂಡಿಗೆ ಆಪರೇಷನ್ ಅಂತೆ?"

"ಹೂಂ."

"ಇಷ್ಟು ಜನ ಬಂದು ಕೇಳಿದ್ರೂ ಮರಿ ಬೇಡ, ಆಪರೇಷನ್ನೇ ಬೇಕು ಅಂದಿಯಂತೆ?"

"ಹೂಂ ಅಂದ್ನಲ್ಲ."

"ನಾನೇನೂ ಅನ್ನಲ್ಲಪ್ಪ. ಜನ ಅಂತಾರೆ, ಮುಚ್ಚಿಡೋದು ಇದ್ದೋರೇ ಹಂಗೆ ಮಾಡಿಸೋದು ಅಂತ. ಟೈಲರ್ ಮನೇಲಿ ಮುಚ್ಚಿಡೋದು ಇನ್ನೇನಿರುತ್ತೆ? ಉಳಿಸಿಕೊಂಡ ಬಟ್ಟೆ ತಾನೇ?"

ನಾನು ಕತ್ತರಿಯನ್ನು ಮೇಜಿನ ಮೇಲೆ ಕುಕ್ಕಿದೆ. ಮೂವತ್ತು ವರ್ಷ, ಒಂದು ಬೆರಳಗಲದ ಚೂರನ್ನೂ ನಾನು ಇಟ್ಟುಕೊಂಡವಳಲ್ಲ. ಆದರೆ ಮರುದಿನದಿಂದ ಬಂದ ಗಿರಾಕಿಗಳ ಬಾಯಲ್ಲಿ ಒಂದೇ ಮಾತು. "ವಿಶಾಲಮ್ಮ, ಉಳಿದ ಚೂರುಪಾರು ಏನಾದ್ರೂ ಇದ್ರೆ ಕೊಡಿ, ಒರೆಸೋಕೆ ಬೇಕಿತ್ತು." ಹತ್ತು ವರ್ಷದಲ್ಲಿ ಒಮ್ಮೆಯೂ ಒರೆಸುವ ಬಟ್ಟೆ ಕೇಳದವರಿಗೆ ಈಗ ಇದ್ದಕ್ಕಿದ್ದಂತೆ ಮನೆಯೆಲ್ಲ ಒರೆಸುವ ಹುಚ್ಚು! ಒಬ್ಬಾಕೆಯಂತೂ ಟೇಪು ಕಿತ್ತುಕೊಂಡು ನನ್ನ ಮುಂದೆಯೇ ತನ್ನ ಬಟ್ಟೆ ಅಳೆದಳು. ಮರಿ ಮಾಡಿಸಿದರೆ ಸುಳ್ಳಿ, ಆಪರೇಷನ್ ಮಾಡಿಸಿದರೆ ಕಳ್ಳಿ. ಗುಂಡಿ ಮಾತ್ರ ಮೇಜಿನ ಕೆಳಗೆ ಹೊಟ್ಟೆ ಮೇಲೆ ಮಾಡಿಕೊಂಡು ಮಲಗಿದ್ದ. ಅವನ ಹೊಟ್ಟೆಯ ಮೇಲೆ ನನಗೆ ಹೊಟ್ಟೆಕಿಚ್ಚಾಯಿತು.

ಭಾನುವಾರ ಮಧ್ಯಾಹ್ನ ಪದ್ದಕ್ಕ ಮತ್ತೆ ಬಂದಳು. ಈ ಸಲ ಮುಖದಲ್ಲಿ ತುಂಟತನ ಇರಲಿಲ್ಲ, ಸ್ವಲ್ಪ ಗಾಬರಿಯೇ ಇತ್ತು.

"ಚಂದ್ರಮತಿ ಹೇಳಿ ಕಳಿಸಿದ್ದಾಳೆ ಕಣೆ. ಕಾಜಾ ಬೆದೆಗೆ ಬಂದಿದ್ದಾಳಂತೆ. ಆಪರೇಷನ್ನಿಗೆ ಮುಂಚೆ ಒಂದ್ಸಲ ಗುಂಡೀನ ಕಳಿಸ್ತಾಳಾ ಕೇಳು ಅಂದ್ಲು."

"ಏನಂದ್ಲು? ಇನ್ನೊಂದ್ಸಲ ಹೇಳು."

"ಗುಂಡೀನ ಕಳಿಸ್ತಾಳಾ ಕೇಳು ಅಂದ್ಲು."

"ನನ್ನ ಹೆಸರು ಹೇಳಿದ್ಲಾ?"

ಪದ್ದಕ್ಕ ಯೋಚಿಸಿದಳು. "ಹೆಸರೇನೂ ಹೇಳಲಿಲ್ಲ. 'ಅವಳು' ಅಂದ್ಲು."

ಒಂಬತ್ತು ವರ್ಷದಲ್ಲಿ ಚಂದ್ರಮತಿ ಕಡೆಯಿಂದ ನನಗೆ ಬಂದ ಮೊದಲ ಮಾತು ಅದು. ಆ 'ಅವಳು' ಅನ್ನುವುದನ್ನೇ ಮನಸ್ಸಿನಲ್ಲಿ ಎರಡು ಸಲ ಹೇಳಿಕೊಂಡೆ, ಸುಳ್ಳು ಯಾಕೆ ಹೇಳಲಿ. ಆದರೆ ಮರುಗಳಿಗೆಯೇ ನನ್ನ ಕೆಟ್ಟ ಬುದ್ಧಿ ಎದ್ದು ಕೂತಿತು. ಅವಳಿಗೆ ನನ್ನ ಗುಟ್ಟು ಬೇಕು. ಮರಿಗಳನ್ನು ಅಂಗಳದಲ್ಲಿ ಬಿಟ್ಟುಕೊಂಡು, ಕಾಲ ಮೇಲೆ ಕಾಲು ಹಾಕಿ, ನನ್ನ ಅಭ್ಯಾಸಗಳನ್ನೆಲ್ಲ ನೋಡಿ ನಗಬೇಕು. "ನಾಳೆ ಹೇಳ್ತೀನಿ ಅನ್ನು" ಅಂದೆ.

ಸೋಮವಾರ ಬೆಳಿಗ್ಗೆ ಆರೂ ಮುಕ್ಕಾಲಿಗೆ ಎಂದಿನಂತೆ ಹೋದೆ. ಕೈ ಎತ್ತಿದೆ. ಇಳಿಸಿದೆ. ತಿರುಗಿ ನಾಲ್ಕು ಹೆಜ್ಜೆ ಹಾಕಿದರೆ ಹಿಂದೆ ಗುಂಡಿ ಇಲ್ಲ. ಗೇಟಿನ ಕೆಳಗಿನ ಸಂದಿಗೆ ಮೂಗು ತೂರಿಸಿ ಮಲಗಿಬಿಟ್ಟಿದ್ದಾನೆ, ಆ ಕಡೆಯಿಂದ ಇನ್ನೊಂದು ಮೂಗು ಬಂದು ಇವನ ಮೂಗಿಗೆ ತಾಗುತ್ತಿದೆ. ಬಾಲ ರಸ್ತೆಯ ಧೂಳನ್ನೆಲ್ಲ ಗುಡಿಸುತ್ತಿದೆ. ಅವನಿಗೆ ಒಂದು ಗೇಟು ದಾಟುವುದು ಇಷ್ಟು ಸುಲಭ. ಅಲ್ಲೇ ಗಿರಣಿಯ ಗೋಡೆಗೆ ಒರಗಿ ನಿಂತು ಯೋಚಿಸಿದೆ. ಇವತ್ತು ಆಪರೇಷನ್ ಆದರೆ ನನ್ನ ಗುಟ್ಟು ಉಳಿಯುತ್ತದೆ, ನಿಜ. ಉಳಿದು ಏನು ಮಾಡುತ್ತದೆ? ಇನ್ನೂ ಹತ್ತು ವರ್ಷ ನನ್ನನ್ನು ಹೀಗೇ ಬೆಳಿಗ್ಗೆ ಎಬ್ಬಿಸಿ, ಇಲ್ಲಿ ತಂದು ನಿಲ್ಲಿಸಿ, ವಾಪಸ್ ಕಳಿಸುತ್ತದೆ. ನನಗೆ ಚಂದ್ರಮತಿ ಬೇಕಿತ್ತು. ಅವಳ ಜೊತೆ ಕೂತು ಕಾಫಿ ಕುಡಿದು, ಗಿರಾಕಿಗಳನ್ನು ಆಡಿಕೊಂಡು ನಗಬೇಕಿತ್ತು. ತಪ್ಪಾಯಿತು ಅನ್ನುವ ಮಾತು ನನ್ನ ಬಾಯಿಂದ ಹೊರಡುವ ಹಾಗೆ ಕಾಣಲಿಲ್ಲ. ಮರಿಗಳಾದರೂ ಹೇಳಲಿ. ಹೇಡಿತನ ಅನ್ನುತ್ತೀರಾ? ಅನ್ನಿ. ಅವತ್ತು ನನ್ನ ಹತ್ತಿರ ಇದ್ದ ಧೈರ್ಯ ಅಷ್ಟೇ.

ಡಾಕ್ಟರಿಗೆ, "ಒಂದು ಸಲ ಮರಿ ಆಗಲಿ, ಆಮೇಲೆ ಕರ್ಕೊಂಡು ಬರ್ತೀನಿ" ಅಂದೆ. ಅವರು ಕನ್ನಡಕದ ಮೇಲಿಂದ ನೋಡಿ, "ಅಷ್ಟಕ್ಕೂ ಮನೆ ಹುಡುಕೋದು ನಿನ್ನ ಜವಾಬ್ದಾರಿ" ಅಂದರು. ಗುಂಡಿಗೆ ಸ್ನಾನ ಮಾಡಿಸಿ, ಕೊರಳಿಗೆ ಹಸಿರು ಬಟ್ಟೆಯ ಪಟ್ಟಿ ಹೊಲಿದು ಕಟ್ಟಿ, ಪದ್ದಕ್ಕನ ಜೊತೆ ಕಳಿಸಿದೆ. ಆ ಪಟ್ಟಿ ಗಿರಾಕಿಗಳ ಚೂರಲ್ಲ, ನನ್ನದೇ ಸೀರೆಯದು ಅಂತ ಪದ್ದಕ್ಕನಿಗೆ ಆ ಸೀರೆಯ ಮಡಿಕೆ ಬಿಚ್ಚಿ ತೋರಿಸಿದೆ.

ಎರಡು ತಿಂಗಳ ಮೇಲೆ ಮೂರು ದಿನಕ್ಕೆ ಕಾಜಾ ಐದು ಮರಿ ಹಾಕಿದಳು. ನಾನು ನೋಡಲು ಹೋಗಲಿಲ್ಲ, ಹೋಗುವ ಮುಖ ಎಲ್ಲಿತ್ತು? ಆದರೆ ಮನೆ ಹುಡುಕುವ ತಾಪತ್ರಯ ಬೀಳಲೇ ಇಲ್ಲ. ಬಟ್ಟೆಗಳ್ಳಿಯನ್ನು ಹಿಡಿಯುವ ಉತ್ಸಾಹದಲ್ಲಿ ಜನ ಮುಗಿಬಿದ್ದರು. ಎರಡು ತಿಂಗಳು ತುಂಬಿದ ಕೂಡಲೇ ಒಂದನ್ನು ಪದ್ದಕ್ಕನೇ ಹೊತ್ತುಕೊಂಡು ಬಂದಳು, ಒಂದನ್ನು ಡಾಕ್ಟರು ಇಟ್ಟುಕೊಂಡರು, ಉಳಿದ ಮೂರು ನನ್ನ ಗಿರಾಕಿಗಳ ಮನೆ ಸೇರಿದವು. ಪದ್ದಕ್ಕ ತನ್ನ ಮರಿಯ ಮುಂದೆ ಬೇಕಂತಲೇ ಹೊಸ ರವಿಕೆ ಬಟ್ಟೆ ಹರಡಿಟ್ಟು ಬಾಗಿಲ ಸಂದಿಯಲ್ಲಿ ಅವಿತು ನೋಡಿದಳಂತೆ. ಮರಿ ಅದನ್ನು ಮೂಸಿ, ಸುಕ್ಕಾದ ಅಂಚನ್ನು ಕಾಲಿನಿಂದ ಒತ್ತಿ ನೇರ ಮಾಡಿ, ಪಕ್ಕಕ್ಕೆ ಹೋಗಿ ಮಲಗಿತಂತೆ. "ನೀನು ಕದಿಯೋಳಲ್ಲ ಅಂತ ನಂಗೆ ಮೊದಲೇ ಗೊತ್ತಿತ್ತು ಬಿಡು" ಅಂದಳು ಪದ್ದಕ್ಕ. ಎಂಥಾ ಹೆಂಗಸು!

ಮರಿಗಳಿಗೆ ಅಮ್ಮನ ಮನೆಯ ಅಭ್ಯಾಸ ಮೊದಲು ಬರುತ್ತದೆ, ಅಪ್ಪನ ಮನೆಯದು ಆಮೇಲೆ. ಮೂರನೇ ತಿಂಗಳಿಗೆ ಐದು ಮನೆಯವರೂ ಒಂದೇ ದೂರು ತಂದರು. ಬೆಳಿಗ್ಗೆ ಒಂದು ಬಟ್ಟಲಲ್ಲಿ ಹಾಲಿಟ್ಟರೆ ಮರಿ ಮುಟ್ಟುವುದಿಲ್ಲ. ಪಕ್ಕದಲ್ಲಿ ಇನ್ನೊಂದು ಬಟ್ಟಲು ಇಟ್ಟು ಅದಕ್ಕೂ ಹಾಲು ಹಾಕಬೇಕು. ಹಾಕಿದ ಮೇಲೆ ತನ್ನದನ್ನು ಕುಡಿಯುತ್ತದೆ, ಎರಡನೆಯದನ್ನು ಮೂಸುವುದೂ ಇಲ್ಲ, ಸ್ವಲ್ಪ ಹೊತ್ತು ಅದರ ಮುಂದೆ ಕೂತಿದ್ದು ಎದ್ದು ಹೋಗುತ್ತದೆ. "ಇದೇನು ನಿಮ್ಮನೆ ಪದ್ಧತಿನಾ ವಿಶಾಲಮ್ಮ?" ಅಂತ ಕೇಳಿದರು. ನಮ್ಮನೆಯಲ್ಲಿ ಇರುವುದೇ ಒಂದು ಲೋಟ, ನನಗೇನು ಗೊತ್ತು? ಚಂದ್ರಮತಿಗೆ ಮೊದಲಿಂದಲೂ ಹಾಲು ದಂಡ ಮಾಡುವ ಚಾಳಿ ಅಂದುಬಿಟ್ಟೆ.

ನಾಲ್ಕನೇ ತಿಂಗಳೂ ಬಂತು. ನನ್ನ ಕಡೆಯಿಂದ ಬಟ್ಟೆ ನೇರ ಮಾಡುವುದು ಬಿಟ್ಟರೆ ಬೇರೇನೂ ಬರಲಿಲ್ಲ. ನಾನು ಸ್ವಲ್ಪ ನಿರಾಳವಾದೆ, ಸ್ವಲ್ಪ ನಿರಾಸೆಯೂ ಆಯಿತು. ಮರಿಗಳೂ ನನ್ನ ಹಾಗೇ ಹೇಡಿಗಳು ಅಂದುಕೊಂಡೆ.

ಅದು ಒಂದು ಗುರುವಾರ. ಆರೂ ಮುಕ್ಕಾಲಿಗೆ ನೀಲಿ ಗೇಟಿನ ಮುಂದೆ ನಿಂತು ಕೈ ಎತ್ತಿದ್ದೆ. ಕಾಲ ಹತ್ತಿರ ಏನೋ ಮೆತ್ತಗೆ ತಾಗಿತು. ಗುಂಡಿ ಅಂದುಕೊಂಡು ನೋಡಿದರೆ ಗುಂಡಿಯ ಪಕ್ಕದಲ್ಲಿ ಪದ್ದಕ್ಕನ ಮರಿ. ಅದು ಬಲಗಾಲನ್ನು ಚಿಲಕದ ಕಡೆಗೆ ಎತ್ತಿ ನಿಂತಿದೆ. ಅದರ ಪಕ್ಕ ಇನ್ನೊಂದು ಬಂದು ನಿಂತಿತು, ಕಾಲು ಎತ್ತಿತು. ಆಮೇಲೆ ಕಪ್ಪು ಕಿವಿಯ ಡಾಕ್ಟರ ಮರಿ, ಆಮೇಲೆ ಮತ್ತೆರಡು. ಐದು ಮರಿ, ಒಂದು ನಾಯಿ, ಒಬ್ಬಳು ಟೈಲರು, ಎಲ್ಲರೂ ಕೈಕಾಲು ಎತ್ತಿಕೊಂಡು ಒಂದೇ ಸಾಲಿನಲ್ಲಿ. ಡ್ರಿಲ್ ಮಾಸ್ತರರು ನೋಡಿದ್ದರೆ ಮೆಚ್ಚುತ್ತಿದ್ದರು. ಮರಿಗಳು ಒಟ್ಟಿಗೇ ಕಾಲು ಇಳಿಸಿ ತಿರುಗಿದವು. ಅಭ್ಯಾಸದಂತೆ ನಾನೂ ತಿರುಗಿದೆ.

ತಿರುಗಿದರೆ ಓಣಿ ತುಂಬ ಜನ! ಮರಿಗಳು ಬೆಳಬೆಳಿಗ್ಗೆ ಎಲ್ಲಿಗೆ ಓಡುತ್ತವೆ ಅಂತ ನೋಡಲು ಐದು ಮನೆಯವರೂ ಹಿಂದೆಯೇ ಬಂದಿದ್ದರು. ಮುಂದೆ ಡಾಕ್ಟರು, ಕೈಯಲ್ಲಿ ಹಲ್ಲುಜ್ಜುವ ಬ್ರಷ್ಷು. ಪಕ್ಕದಲ್ಲಿ ಪದ್ದಕ್ಕ, ಬಾಯಿ ತೆರೆದು, ಆದರೆ ಮಾತಿಲ್ಲದೆ. ಪದ್ದಕ್ಕನ ಬಾಯಿ ತೆರೆದೂ ಮಾತಿಲ್ಲದ್ದನ್ನು ನಾನು ಆ ದಿನ ಬಿಟ್ಟರೆ ಇನ್ನೊಂದು ದಿನ ಕಂಡಿಲ್ಲ. ಎಲ್ಲರೂ ಮರಿಗಳನ್ನು ನೋಡಿದರು, ಇನ್ನೂ ಇಳಿಯದ ನನ್ನ ಕೈಯನ್ನು ನೋಡಿದರು. ಯಾರಿಗೂ ಏನೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಓಣಿಯ ಇನ್ನೊಂದು ತುದಿ ಮುಚ್ಚಿದೆ. ಮನೆಗೆ ಹೋಗಬೇಕಾದರೆ ಅಷ್ಟೂ ಜನರ ನಡುವೆ ತಲೆ ತಗ್ಗಿಸಿಕೊಂಡು ಹೋಗಬೇಕು, ಇಲ್ಲದಿದ್ದರೆ ಗೇಟಿನ ಕಡೆಗೇ ತಿರುಗಬೇಕು.

ಗೇಟಿನ ಕಡೆ ತಿರುಗಿದೆ. ತಗಡನ್ನು ಅಂಗೈಯಿಂದ ಬಡಿದೆ. ಅದು ಮಾಡಿದ ಸದ್ದಿಗೆ ನಾನೇ ಬೆಚ್ಚಿದೆ.

"ಯಾರದು?" ಒಳಗಿನಿಂದ ಚಂದ್ರಮತಿಯ ದನಿ.

"ನಾನು ಕಣೆ. ಎರಡೂ ಬಲಗೈ ತೋಳು ಕತ್ತರಿಸಿದ್ದು ನಾನೇ ಕಣೆ. ನಿನ್ನ ಹೊಲಿಗೆ ಸರಿಯಾಗೇ ಇತ್ತು."

ಒಳಗಿನಿಂದ ದನಿ ಬಂತು. "ಹಾಲು ಉಕ್ತಾ ಇತ್ತು, ಕೇಳಿಸಲಿಲ್ಲ. ಸ್ವಲ್ಪ ಜೋರಾಗಿ ಹೇಳು."

ಹಾಲೂ ಇಲ್ಲ, ಎಂಥದೂ ಇಲ್ಲ. ಗೇಟಿನ ಹಿಂದೆಯೇ ನಿಂತಿದ್ದಾಳೆ, ಸಂದಿಯಲ್ಲಿ ಅವಳ ಕಾಲು ಕಾಣುತ್ತಿದೆ! ಆದರೂ ನಾನು ಎದೆ ತುಂಬ ಉಸಿರು ತೆಗೆದುಕೊಂಡು, ಗಿರಣಿಯ ಗೋಡೆ ಆಚೆಗೂ ಕೇಳುವ ಹಾಗೆ ಕೂಗಿದೆ. "ತಪ್ಪು ನಂದು! ಕತ್ತರಿ ಹಾಕಿದ್ದು ನಾನು! ನಿನ್ನ ಮೇಲೆ ಹಾಕಿದ್ದು ಸುಳ್ಳು! ತಪ್ಪಾಯ್ತು ಚಂದ್ರೀ!"

ಚಿಲಕ ಸರಿಯಿತು. ಚಂದ್ರಮತಿಯ ಕೂದಲು ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ಮೇಲಿಂದ ಕೆಳಗೆ ನೋಡಿದಳು, ನನ್ನ ರವಿಕೆಯ ತೋಳನ್ನು ಎರಡು ಬೆರಳಲ್ಲಿ ಹಿಡಿದು ಒಳಹೊಲಿಗೆ ನೋಡಿದಳು. "ಯಾರು ಹೊಲಿದದ್ದು ಇದನ್ನ? ಥೂ. ಬಾ ಒಳಗೆ, ಕಾಫಿ ಆರ್ತಾ ಇದೆ."

ಅಡುಗೆಮನೆಯ ಕಟ್ಟೆಯ ಮೇಲೆ ಎರಡು ಲೋಟ ಕಾಫಿ ಇತ್ತು. ಎರಡರಲ್ಲೂ ಹೊಗೆಯಾಡುತ್ತಿತ್ತು. ಯಾವಾಗ ಬೆರೆಸಿದೆ ಅಂತ ಕೇಳಿದೆ.

"ದಿನಾ ಬೆರೆಸ್ತೀನಿ. ಆರೂ ಮುಕ್ಕಾಲಿಗೆ ಗೇಟಿನ ಕೆಳಗೆ ನಿನ್ನ ಚಪ್ಪಲಿ ಕಾಣುತ್ತಲ್ಲ. ಇವತ್ತು ಬರಬಹುದು ಅಂತ ಬೆರೆಸೋದು, ಆರಿದ ಮೇಲೆ ಗಿಡಕ್ಕೆ ಹಾಕೋದು. ನೋಡು ಆ ದಾಸವಾಳನ, ಒಂಬತ್ತು ವರ್ಷ ನಿನ್ನ ಕಾಫಿ ಕುಡಿದು ಎಷ್ಟು ಕೊಬ್ಬಿದೆ."

"ಹಾಗಿದ್ರೆ ಗೇಟು ತೆಗೀಬಾರದಿತ್ತೇನೇ ಹಾಳಾದವಳೇ?"

"ನಾನ್ಯಾಕೆ ತೆಗೀಲಿ? ತಪ್ಪು ನಿಂದು." ಚಂದ್ರಮತಿ ಲೋಟವನ್ನು ನನ್ನ ಕಡೆ ತಳ್ಳಿದಳು. "ನೀನಂತೂ ಬಾಯಿ ಬಿಡಲ್ಲ, ಗುಂಡಿ ಮಕ್ಕಳಾದ್ರೂ ಬಿಡಲಿ ಅಂತ ಕೇಳಿ ಕಳಿಸಿದೆ. ಅವನಿಗೆ ಆಪರೇಷನ್ ಆಗಿಬಿಟ್ಟಿದ್ರೆ ಕೆಟ್ಟಿತ್ತು ನಮ್ಮ ಕಥೆ."

ನಾನು ಅತ್ತೆ. ಚೆನ್ನಾಗಿಯೇ ಅತ್ತೆ. ಅವಳು ಅಳಲಿಲ್ಲ, ನನ್ನ ರವಿಕೆ ಬಿಚ್ಚಿಸಿ ಕೂತು ತೋಳು ಬಿಚ್ಚಿ ಮತ್ತೆ ಹೊಲಿದಳು. ಹೊರಗೆ ಪದ್ದಕ್ಕ ಎಲ್ಲರಿಗೂ ಕೇಳುವ ಹಾಗೆ, ಇದೆಲ್ಲ ಮೊದಲೇ ತನಗೆ ಗೊತ್ತಿತ್ತು ಅಂತ ಹೇಳುತ್ತಿದ್ದಳು.

ಮುಂದಿನ ಸೋಮವಾರ ಗುಂಡಿಗೆ ಆಪರೇಷನ್ ಆಯಿತು, ಮುಂದಿನ ತಿಂಗಳು ಕಾಜಾಳಿಗೂ ಆಯಿತು. ಇಬ್ಬರೂ ಜೊತೆಗೇ ಹೋಗಿದ್ದೆವು. ಡಾಕ್ಟರು ಹೇಳಿದ ಹಾಗೆಯೇ ಗುಂಡಿ ಎರಡು ದಿನ ಮಲಗಿದ, ಮೂರನೇ ದಿನ ಅನ್ನ ಕೇಳಿದ. ಗೋಡೆ ಹಾರುವುದು ನಿಂತಿದೆ. ಈಗ ಅಂಗಡಿಯಲ್ಲಿ ಮತ್ತೆ ಎರಡು ಕುರ್ಚಿ. ನಾನು ಬಟ್ಟೆ ಮಡಿಸಿದಾಗಲೆಲ್ಲ ಚಂದ್ರಮತಿ ಮಷಿನ್ ನಿಲ್ಲಿಸಿ, "ಒಳಮೈ ನೋಡ್ದಾ?" ಅಂತ ಕೇಳುತ್ತಾಳೆ. ಸಾಯೋತನಕ ಕೇಳುತ್ತಾಳೆ, ಗೊತ್ತು ನನಗೆ.

ಮರಿಗಳು ಮಾತ್ರ ಇನ್ನೂ ಬರುತ್ತವೆ. ಅವು ಕಲಿತದ್ದನ್ನು ಬಿಡುವ ಹಾಗಿಲ್ಲವಲ್ಲ. ನಾವು ಗೇಟನ್ನು ಹಾರುಹೊಡೆದು ಇಟ್ಟಿರುತ್ತೇವೆ, ಅಂಗಳದಲ್ಲಿ ಬಟ್ಟಲುಗಳನ್ನು ಜೋಡಿ ಜೋಡಿಯಾಗಿ ಇಟ್ಟಿರುತ್ತೇವೆ. ಆದರೂ ಅವು ಹೊಸ್ತಿಲ ಹತ್ತಿರ ಬಂದು ಸಾಲಾಗಿ ನಿಂತು, ಗೇಟೇ ಇಲ್ಲದ ಕಡೆ ಕಾಲು ಎತ್ತಿ, ತಿರುಗಿ ಹೊರಡುತ್ತವೆ. ಆಗ ನಾನು ಕಾಫಿ ಲೋಟ ಕೆಳಗಿಟ್ಟು ಎದ್ದು ಹೋಗಿ ಕರೆಯಬೇಕು.

"ಬನ್ರೋ ಒಳಗೆ, ದಡ್ಡಮುಂಡೇವಾ. ತೆಗೆದೇ ಇದೆ."